ದೇವರ ಮನೆಯಲ್ಲಿ ಒಣಗಿದ ಲೋಗೋಗಳು

ಮನೆಯಲ್ಲಿ ಬಣ್ಣದ ಡಬ್ಬಿ ಇಟ್ಟುಕೊಂಡವರ ಬದುಕಿನಲ್ಲಿ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಪಡಸಾಲೆಯಲ್ಲಿ ಕೂತು ಚಹಾ ಕುಡಿದ ನೆಂಟರು ಏಳುವಾಗ ಕುರ್ಚಿಯೂ ಅವರ ಜೊತೆಗೇ ಎದ್ದು ನಿಲ್ಲುತ್ತದೆ. ನಮ್ಮ ಮನೆಯವರು ಒಂದು ಮೊಣಕೈ ಕೆಂಪು ಮಾಡಿಕೊಂಡು ಬ್ಯಾಂಕಿಗೆ ಹೋಗಿ, "ಏನಾತ್ರಿ, ಎಲ್ಲಿ ಬಿದ್ರಿ?" ಅಂತ ಕಂಡಕಂಡವರಿಂದ ಕೇಳಿಸಿಕೊಂಡು ಬರುತ್ತಾರೆ. ನಾನು ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಒಳಗೆ ಒಗ್ಗರಣೆ ಹಾಕುತ್ತಿರುತ್ತೇನೆ.

ನಾನು ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ಮನೆ ವಾಡಿಯಲ್ಲಿ. ಬೆಳಿಗ್ಗೆ ಸ್ಕೂಟಿಯನ್ನು ವಾಡಿ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ರೈಲು ಹಿಡಿಯುವವಳು. ವಾಡಿಯಲ್ಲಿ ಸಿಮೆಂಟಿನ ಧೂಳು, ಕಲ್ಲಿನ ಗಣಿ ಲಾರಿಗಳ ಧೂಳು, ಅದರ ಮೇಲೆ ಬೆಳಗಿನ ಇಬ್ಬನಿ. ಹೊಸ ಗಾಡಿ ತಂದರೂ ವರ್ಷ ತುಂಬುವುದರೊಳಗೆ ಅದರ ಲೋಗೋ ಮುಖ ಕಪ್ಪಿಟ್ಟುಕೊಂಡು ಕೂತಿರುತ್ತದೆ. ಒಂದು ಭಾನುವಾರ ನನ್ನ ಸ್ಕೂಟಿಯ ಲೋಗೋ ನೋಡಲಾಗದೆ, ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಹಿಂದೆ ದಾರ ಹಾಕಿ ಬರ್ಫಿ ಕೊರೆದ ಹಾಗೆ ಕೊರೆದು ತೆಗೆದೆ. ಉಗುರಿಗೆ ಹಚ್ಚುವ ಬಣ್ಣದಿಂದಲೇ ಅದಕ್ಕೆ ಎರಡು ಕೋಟು ಕೊಟ್ಟು, ಒಣಗಿಸಿ, ಮತ್ತೆ ಟೇಪಿನಿಂದ ಅಂಟಿಸಿದೆ. ಮರುದಿನ ಸ್ಟ್ಯಾಂಡಿನಲ್ಲಿ ಅದೊಂದೇ ಗಾಡಿ ಮದುವೆ ಮನೆಗೆ ಹೊರಟ ಹಾಗೆ ಕಾಣುತ್ತಿತ್ತು. ಅಂದಿನಿಂದ ಒಬ್ಬರಾದ ಮೇಲೆ ಒಬ್ಬರು ತಮ್ಮ ಲೋಗೋ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬರತೊಡಗಿದರು.

ನನಗೂ ಇದು ಬೇಕಾಗಿತ್ತು. ದಿನವಿಡೀ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ ಅಂತ ಕಿರುಚಿ ಬಂದವಳಿಗೆ ಸಂಜೆ ಅಂಗೈಯಗಲದ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಮರಳು ಕಾಗದದಿಂದ ತಿಕ್ಕಿ, ತೆಳ್ಳಗೆ ಬಣ್ಣ ಎಳೆಯುವುದರಲ್ಲಿ ಎಂಥ ಸಮಾಧಾನ ಸಿಗುತ್ತದೆ ಎಂಬುದು ಹೇಳಿದರೆ ತಿಳಿಯುವುದಿಲ್ಲ. ಶಾಲೆಯಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ. ಇದು ಮುಗಿಯುತ್ತದೆ.

ಆದರೆ ಅತ್ತೆಯವರದು ಮೊದಲ ದಿನವೇ ಒಂದು ಕರಾರು. "ನೋಡವಾ, ನೀ ಏನರೇ ಬಳಕೋ, ನಾ ಅಡ್ಡ ಬರಂಗಿಲ್ಲ. ಆದ್ರ ಇದರ ಸಲುವಾಗಿ ನಮ್ಮಣ್ಣನ ಬಾಯಿಂದ ಒಂದು ಮಾತು ಬಂತಂದ್ರ, ಅವತ್ತೇ ನಿನ್ನ ಡಬ್ಬಿ ಎಲ್ಲಾ ಹೊರಗ."

ಅತ್ತೆಯವರ ಅಣ್ಣ ಎಂದರೆ ಸೇಡಂನ ಮಾಮಾ. ಪೌರೋಹಿತ್ಯ ಮಾಡುವವರು, ಮಡಿಯಲ್ಲಿ ಬಲು ಕಟ್ಟುನಿಟ್ಟು. ಅವರು ಹಿಂದೊಮ್ಮೆ ಬಂದಾಗ ಆಡಿದ ಒಂದೇ ಮಾತಿಗೆ ನಮ್ಮ ಮನೆಯಿಂದ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಹೊರಗೆ ಹೋಗಿದೆ. ಇನ್ನೂ ವಾಪಸ್ಸು ಬಂದಿಲ್ಲ. ಹಾಗಾಗಿ ನನ್ನ ಡಬ್ಬಿಗಳ ಹಣೆಬರಹ ಅವರ ನಾಲಿಗೆಯ ತುದಿಯಲ್ಲಿತ್ತು.

ಚಾವಿ ಹತ್ತಿತು

ಮೊದಲ ಗಿರಾಕಿ ನಮ್ಮ ಶಾಲೆಯ ಪಿ.ಟಿ. ಮಾಸ್ತರರು. ಅವರೂ ವಾಡಿಯವರೇ, ಅವರ ಮೋಟರ್ ಸೈಕಲ್ಲೂ ಅದೇ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಟಾಕಿಯ ಎರಡೂ ಬದಿಯ ಲೋಗೋ ಕಿತ್ತು ತಂದುಕೊಟ್ಟು, "ಟೀಚರ್, ಬಣ್ಣ ನಿಮಗೆ ಬಿಟ್ಟಿದ್ದು. ಛಲೋ ಕಂಡ್ರ ಸಾಕು" ಎಂದರು. ನಾನು ಗಿಳಿಹಸಿರು ಬಳಿದೆ. ಸೋಮವಾರ ನಾನು ರಜೆ ಹಾಕಿದ್ದೆ. ಅವರು ಗಾಡಿ ನಿಲ್ಲಿಸಿ ರೈಲು ಹತ್ತಿದ ಮೇಲೆ ನಾನೇ ಸ್ಟ್ಯಾಂಡಿಗೆ ಹೋಗಿ, ಅಂಟಿಸಿ, ಒತ್ತಿ, ಒರೆಸಿ ಬಂದೆ. ಸಂಜೆ ನೋಡಿ ಖುಷಿಪಡಲಿ ಎಂದು ಫೋನ್ ಮಾಡಲಿಲ್ಲ.

ಸಂಜೆ ಅವರದೇ ಫೋನು ಬಂತು. "ಟೀಚರ್, ನನ್ನ ಗಾಡಿ ಕಳುವಾಗ್ಯದ್ರಿ!"

ವಾಡಿ ಸ್ಟ್ಯಾಂಡಿನಲ್ಲಿ ಸಂಜೆಯ ಹೊತ್ತಿಗೆ ಎಲ್ಲ ಗಾಡಿಗಳ ಬಣ್ಣವೂ ಒಂದೇ, ಬೂದಿ ಬಣ್ಣ. ನಂಬರು ಓದುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಎಲ್ಲರೂ ಯಾವುದಾದರೊಂದು ಗುರುತಿನಿಂದ ತಮ್ಮ ಗಾಡಿ ಹಿಡಿಯುತ್ತಾರೆ. ಲೋಗೋ ಕಿತ್ತ ಮೇಲೆ ಮಾಸ್ತರರ ಗುರುತು ಬೋಳು ಟಾಕಿ.

"ನನ್ನ ಜಾಗಾದಾಗ ಯಾವನೋ ಹಸಿರು ಲೋಗೋದ ಗಾಡಿ ಹಚ್ಚ್ಯಾನ್ರಿ. ಸ್ಟ್ಯಾಂಡಿನಂವ ಚಾವಿ ಹಾಕಿ ನೋಡ್ರಿ ಅಂದ. ಹಾಕಿದೆ. ಚಾಲೂ ಆತ್ರಿ! ಎಂಥಾ ಕಾಲ ಬಂತ್ರಿ ಟೀಚರ್, ನನ್ನ ಚಾವಿ ಕಂಡವರ ಗಾಡಿಗೆಲ್ಲಾ ಹತ್ಲಿಕತ್ತದ!"

"ಮಾಸ್ತರ, ಅದು ನಿಮ್ಮದೇ ಗಾಡಿರಿ. ಹಸಿರು ಬಣ್ಣ ನಾನೇ ಬಳದೀನಿ" ಎಂದೆ.

ಆ ಕಡೆಯಿಂದ ಸಣ್ಣ ದನಿಯಲ್ಲಿ ಕೇಳಿತು: "ಅಯ್ಯೋ, ಕಳ್ಳನ ಮ್ಯಾಲಿನ ಸಿಟ್ಟಿಗೆ ಎರಡೂ ಟಾಯರಿನ ಗಾಳಿ ಬಿಟ್ಟೀನಲ್ರಿ!"

ಧೂಳಿನ ದಾರಿ

ಎರಡನೆಯವರು ಶಹಾಬಾದಿನ ಫರ್ಸಿ ವ್ಯಾಪಾರಿ. ಫರ್ಸಿ ಎಂದರೆ ನೆಲಕ್ಕೆ ಹಾಸುವ ಕಲ್ಲು. ಶಹಾಬಾದಿನ ಹೆಸರು ಹೋಗಿರುವುದೇ ಅದರಿಂದ. ತಮ್ಮ ಕಾರಿನ ಲೋಗೋವನ್ನು ಬೂದುನೀಲಿ ಮಾಡಿಕೊಡಿ ಎಂದರು. ನಾನು ಬಹಳ ಆಸ್ಥೆಯಿಂದ ಬಳಿದು, ಅಂಗಳದಲ್ಲಿ ಒಣಗಲು ಇಟ್ಟು ಒಳಗೆ ಹೋದೆ. ಬಂದು ನೋಡಿದರೆ ಗಾಳಿ ತಿರುಗಿದೆ, ಹಸಿ ಬಣ್ಣದ ಮೇಲೆ ಸಣ್ಣ ಧೂಳು ಕೂತು, ಮೈಯೆಲ್ಲ ತರಿತರಿ. ಒರೆಸಿದರೆ ಬಣ್ಣ ಬರುತ್ತದೆ, ಬಿಟ್ಟರೆ ಮಾನ ಹೋಗುತ್ತದೆ. ಅಷ್ಟರಲ್ಲಿ ವ್ಯಾಪಾರಿ ಬಂದೇಬಿಟ್ಟರು.

ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಸವರಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವುದರೊಳಗೆ, "ಕಮಾಲ್ ಮಾಡೀರಿ ಮೇಡಂ! ಪಾಲಿಶ್ ಹಚ್ಚದ ನಮ್ಮ ಕಲ್ಲು ಇದ್ದಂಗೇ ಅದ. ಹ್ಯಾಂಗ ಮಾಡಿದ್ರಿ?" ಎಂದರು.

"ಅದು... ನಮ್ಮ ಕಡಿ ಪದ್ಧತಿರಿ" ಎಂದೆ. ಬೇರೇನು ಹೇಳಲಿ?

ವಾರದೊಳಗೆ ಮಗನ ಗಾಡಿಯ ಲೋಗೋ ತಂದರು. ಈ ಸಲ ನಾನು ಹುಷಾರಾಗಿ ಕೋಣೆಯ ಕಿಟಕಿ ಮುಚ್ಚಿ, ತರಕಾರಿ ಮುಚ್ಚುವ ಜಾಳಿಗೆ ಹಾಕಿ ಒಣಗಿಸಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಅವರ ಮುಖ ಮಾತ್ರ ಇಳಿದುಹೋಯಿತು. "ಇದು ಭಾಳ ಸಾದಾ ಆಗ್ಯದ್ರಿ ಮೇಡಂ. ಮದಲಿನ ಕಲಾ ಇದ್ರಾಗ ಇಲ್ಲ."

ಇನ್ನೊಂದು ಕೋಟು ಹಚ್ಚಿ, ಲೋಗೋವನ್ನು ತಟ್ಟೆಯಲ್ಲಿಟ್ಟುಕೊಂಡು ಮಾಳಿಗೆ ಹತ್ತಿದೆ. ಎಂದೂ ಇಲ್ಲದ್ದು ಆ ದಿನ ಗಾಳಿಯೇ ಇಲ್ಲ, ಆಕಾಶ ಸಾಫ್. ತಟ್ಟೆ ಹಿಡಿದುಕೊಂಡು ಆ ಮೂಲೆಯಿಂದ ಈ ಮೂಲೆಗೆ ಅಡ್ಡಾಡುತ್ತಿದ್ದೆ. ಪಕ್ಕದ ಮನೆಯ ವೈನಿ ಬಟ್ಟೆ ಒಣಹಾಕಲು ಬಂದವರು, "ಏನ್ ಮಾಡ್ಲಿಕತ್ತೀರಿ ಟೀಚರ್?" ಅಂದರು.

"ಧೂಳು ಬರ್ತದೇನಂತ ದಾರಿ ನೋಡ್ಲಿಕತ್ತೀನ್ರಿ."

ವೈನಿ ತಮ್ಮ ಒದ್ದೆ ಬಟ್ಟೆಯನ್ನೆಲ್ಲ ಮತ್ತೆ ಬಕೆಟ್ಟಿಗೆ ತುಂಬಿಕೊಂಡರು. "ಹುಟ್ಟಿ ಇಷ್ಟು ವರ್ಷ ಆತು, ವಾಡ್ಯಾಗ ಧೂಳನ್ನ ಕರದವರು ನೀವೊಬ್ಬರೇ ನೋಡ್ರಿ!"

ಕುದುರೆಗೆ ನೈವೇದ್ಯ

ಎಲ್ಲರೂ ಕಲ್ಲು ಮಾರುವವರೇ ಆಗಿರುವುದಿಲ್ಲವಲ್ಲ. ಉಳಿದವರಿಗೆ ನುಣುಪು ಬೇಕು. ಜಾಳಿಗೆಯೊಳಗೂ ಧೂಳು ನುಗ್ಗತೊಡಗಿದಾಗ ದಾರಿ ತೋರಿಸಿದವರು ಅತ್ತೆಯವರೇ.

"ಈ ಮನ್ಯಾಗ ಧೂಳಿಲ್ಲದ ಜಾಗಾ ಅಂದ್ರ ದೇವರ ಮನಿ ಒಂದೇ. ನಾ ಹೊತ್ತು ಹೊತ್ತಿಗೆ ಒರಸ್ತೀನಿ. ಅಲ್ಲಿ ಮೂಲ್ಯಾಗ ಇಡು. ಆದ್ರ ಹಸಿ ಬಣ್ಣಕ್ಕ ಮೈಲಿಗಿ ಅದ, ಒಣಗಿದ್ದಕ್ಕ ಇಲ್ಲ. ನೀ ಬಣ್ಣ ಹಸಿ ಇದ್ದಾಗ ಇಟ್ಟು ಹೊರಗ ಬಂದುಬಿಡು, ನಾ ಒರಸಿ ಮಡಿ ಮಾಡ್ತೀನಿ. ಒಣಗಿದ ಮ್ಯಾಲ ನಾ ತಗದು ಕೊಡ್ತೀನಿ."

ಹೀಗೆ ಶಾಸ್ತ್ರವೂ ಉಳಿಯಿತು, ಬಣ್ಣವೂ ಉಳಿಯಿತು. ಮೊದಲು ಅಲ್ಲಿ ಒಣಗಲು ಹೋದದ್ದು ಚಿಂಚೋಳಿಯ ಜೀಪಿನ ಡ್ರೈವರನದು. ಹೈದರಾಬಾದಿಗೆ ಹೋದಾಗ ಇಷ್ಟಪಟ್ಟು ತಂದ ಕುದುರೆಯ ಲೋಗೋ ಅದು. ಕತ್ತೆತ್ತಿ ನಿಂತ ಕುದುರೆ ಮುಖ. ಅದಕ್ಕೆ ಬಿಳಿ ಬಣ್ಣ, ಬಂಗಾರದ ಜೂಲು ಮಾಡಿಕೊಟ್ಟಿದ್ದೆ.

ಮರುದಿನ ಅವನು ಬಂದಾಗ ಅತ್ತೆಯವರ ಪೂಜೆ ನಡೆದಿತ್ತು. ಕುಂದ್ರಿ ಎಂದೆ. ಕೂತ. ಗಂಟೆ ಬಾರಿಸಿತು, ಮಂತ್ರ ಮುಗಿಯಿತು, ಮತ್ತೆ ಶುರುವಾಯಿತು. "ಇವತ್ತು ಯಾವದರೇ ಹಬ್ಬ ಅದೇನ್ರಿ ಅಮ್ಮಾ?" ಎಂದ. ಅವನ ಮಾತಿನಲ್ಲಿ ಗಡಿಯ ತೆಲುಗಿನ ಎಳೆತ. ನನಗೂ ಅದೇ ಅನುಮಾನ, ಒಳಗಿನಿಂದ ಬೆಲ್ಲ ತುಪ್ಪದ ವಾಸನೆ ಬೇರೆ.

ಅತ್ತೆಯವರು ಹೊರಗೆ ಬಂದರು. ಒಂದು ಕೈಯಲ್ಲಿ ಕುಂಕುಮ, ಅಕ್ಷತೆ, ಹೂವು ಹೊತ್ತ ಲೋಗೋ. ಇನ್ನೊಂದು ಕೈಯಲ್ಲಿ ಬಟ್ಟಲ ತುಂಬ ಹಯಗ್ರೀವ ಎಂಬ ಕಡಲೆಬೇಳೆಯ ಸಿಹಿ.

"ಅತ್ಯಾರ, ಇದೇನ್ರಿ?"

"ದೇವರ ಮನ್ಯಾಗ ಕುದುರಿ ಮುಖ ಬಂದು ಕುಂತದ. ನಮಗ ಕುದುರಿ ಮುಖ ಅಂದ್ರ ಹಯಗ್ರೀವ ದೇವರಲ್ಲೇನು? ಒಂದು ನೈವೇದ್ಯ ಇಲ್ಲದ ಹ್ಯಾಂಗ ಕಳಸಲಿ?"

ಡ್ರೈವರ ಲೋಗೋವನ್ನು ಕಣ್ಣಿಗೆ ಒತ್ತಿಕೊಂಡ, ಬಟ್ಟಲನ್ನು ಬಾಯಿಗೆ ಎತ್ತಿದ. ಎರಡನೇ ಸಲ ಹಾಕಿಸಿಕೊಂಡು, ಬೆರಳು ನೆಕ್ಕುತ್ತ ಕೇಳಿದ: "ಅಮ್ಮಾ, ನಮ್ಮ ತಮ್ಮನ ಜೀಪಿಗಿ ಹುಲಿ ಮುಖ ಅದರಿ. ಅದು ತಂದ್ರ ಏನ್ ಮಾಡ್ತೀರಿ?"

"ಹುಲಿ ಬಂದ್ರ ಏನ್ ಮಾಡೋದು ತಮ್ಮಾ, ಮನಿ ಬಿಟ್ಟು ಓಡೋದು" ಎಂದರು ಅತ್ತೆಯವರು.

ಒಣಗುವ ತನಕ ನಮ್ಮದು

ದಂಡೋತಿಯಿಂದ ಒಬ್ಬ ರೈತ ಹೆಂಡತಿಯೊಡನೆ ಟ್ರಾಕ್ಟರಿನ ಲೋಗೋ ತಂದ. ಕಾಗಿಣಾ ನದಿಯ ದಂಡೆಯಲ್ಲಿ ಹೊಲ, ಹೊಸ ಟ್ರಾಕ್ಟರು. ನೀಲಿ ನೆಲದ ಮೇಲೆ ಬಿಳಿ ಚಕ್ರ ಬರೆದುಕೊಡಿ ಅಂದ.

ಚಕ್ರ ಅಂದದ್ದೇ ತಡ, ಒಳಗಿದ್ದ ಅತ್ತೆಯವರು ಹೊರಗೆ ಬಂದರು. "ಛಲೋ ಆತಪ್ಪಾ. ಸುದರ್ಶನ ಚಕ್ರ ಮುಂದಿದ್ರ ಯಾವ ಭಯನೂ ಇಲ್ಲ."

ರೈತ ವಿನಯದಿಂದಲೇ ಹೇಳಿದ. "ಸುದರ್ಶನ ಅಲ್ರಿ ಅವ್ವಾರ, ಧಮ್ಮಚಕ್ರ. ನಮ್ಮ ಬುದ್ಧಂದು."

"ಎರಡೂ ದುಂಡಗೇ ಇರ್ತಾವಲ್ಲ."

"ದುಂಡಗ ಇರ್ತಾವ್ರಿ. ಆದ್ರ ನಿಮ್ಮದು ಬೀಸಿ ಒಗಿಯೋದು, ನಮ್ಮದು ತಿಳಿಸಿ ಹೇಳೋದು."

ಅತ್ತೆಯವರಿಗೆ ಈ ಉತ್ತರ ಹಿಡಿಸಿತೋ ಕೆಣಕಿತೋ ತಿಳಿಯಲಿಲ್ಲ, ಎದುರಿಗೇ ಕೂತರು. ಇಬ್ಬರೂ ಚಹಾ ಮುಗಿಯುವ ತನಕ ವಾದ ಮಾಡಿದರು. ಯಾರ ದನಿಯೂ ಏರಲಿಲ್ಲ, ಯಾರೂ ಸೋಲಲೂ ಇಲ್ಲ. ರೈತನ ಹೆಂಡತಿ ತಾನು ತಂದ ತೊಗರಿಬೇಳೆಯ ಗಂಟನ್ನು ನನ್ನ ಕೈಗಿಟ್ಟು, "ಮನ್ಯಾಗೂ ಹಿಂಗೇರಿ ಇವರು, ದನಕ್ಕೂ ತಿಳಿಸಿ ಹೇಳ್ತಾರ" ಎಂದು ಪಿಸುಗುಟ್ಟಿದಳು. ನಾನು ಅವರ ಕಣ್ಣೆದುರೇ ಬರೆದು ಮುಗಿಸಿದೆ. ನೀಲಿಯ ಮೇಲೆ ಬಿಳಿ ಅರಗಳು ಎಷ್ಟು ಚೆಂದ ಮೂಡಿದವೆಂದರೆ ಇಬ್ಬರೂ ಮಾತು ನಿಲ್ಲಿಸಿ ನೋಡಿದರು.

ಕೊನೆಗೆ ಅತ್ತೆಯವರೇ ತೀರ್ಪು ಕೊಟ್ಟರು. "ಹಿಂಗ ಮಾಡೂಣಪಾ. ಒಣಗೋ ತನಕ ನಮ್ಮ ದೇವರ ಮನ್ಯಾಗ ಇರ್ತದ, ಅಲ್ಲೀತನಕ ಸುದರ್ಶನ. ನಿಮ್ಮ ಟ್ರಾಕ್ಟರಿಗೆ ಹತ್ತಿದ ಮ್ಯಾಲ ಧಮ್ಮಚಕ್ರ."

ರೈತ ಒಂದು ಗಳಿಗೆ ಯೋಚಿಸಿ ಒಪ್ಪಿದ. "ಹಂಗೇ ಆಗ್ಲಿ ಬಿಡ್ರಿ ಅವ್ವಾರ." ಆಮೇಲೆ ನನ್ನ ಕಡೆ ತಿರುಗಿ, "ಟೀಚರ್, ಜಲ್ದಿ ಒಣಗೋ ಬಣ್ಣ ಹಚ್ಚೀರಿ ಹೌದಿಲ್ಲೋ?" ಅಂದ.

ಗೋಪಿಚಂದನ

ಆ ಚಕ್ರ ಟ್ರಾಕ್ಟರಿನ ಮೇಲೆ ಹೋದ ದಿನದಿಂದ ಅತ್ತೆಯವರಿಗೆ ಒಂದು ಹುಳ ಹೊಕ್ಕಿತು. ಎಲ್ಲರ ಗಾಡಿಯೂ ಸಿಂಗಾರವಾಗಿ ನಮ್ಮ ಮನೆಯಿಂದ ಹೋಗುವಾಗ ನಮ್ಮ ಕಾರು ಮಾತ್ರ ಬೋಳು ಏಕಿರಬೇಕು? ಅದೇ ಹೊತ್ತಿಗೆ ಸೇಡಂನಿಂದ ಸುದ್ದಿ ಬಂತು. ಚಿತ್ತಾಪುರದಲ್ಲಿ ಒಂದು ಪಾರಾಯಣದ ಮಂಗಳದ ಸಭೆ ಇದೆ, ಮಾಮಾ ಹಿಂದಿನ ಸಂಜೆಯೇ ರೈಲಿಗೆ ವಾಡಿಗೆ ಬಂದು ನಮ್ಮಲ್ಲಿ ಉಳಿದು, ಬೆಳಿಗ್ಗೆ ನಮ್ಮ ಕಾರಿನಲ್ಲೇ ಸಭೆಗೆ ಹೋಗುತ್ತಾರೆ.

"ಅಣ್ಣ ಕೂಡೋ ಗಾಡಿ. ಅದರ ಮ್ಯಾಲೆ ಶಂಖ ಚಕ್ರ ಇರಲಿ" ಎಂದರು ಅತ್ತೆಯವರು. "ಬಣ್ಣ ಮಾತ್ರ ಗೋಪಿಚಂದನದ್ದೇ ಬರಬೇಕು. ನೋಡಿದ ಕೂಡ್ಲೇ ಅಣ್ಣಗ ಸಮಾಧಾನ ಆಗಬೇಕು."

ಗೋಪಿಚಂದನ ಎಂದರೆ ನಮ್ಮ ವೈಷ್ಣವರು ಹಣೆ, ತೋಳು, ಎದೆ, ಹೊಟ್ಟೆಗೆಲ್ಲ ಹಚ್ಚಿಕೊಳ್ಳುವ ಹಳದಿ ಛಾಯೆಯ ಮಣ್ಣು. ನೀರಿನಲ್ಲಿ ತೇಯ್ದು ನಾಮ ಎಳೆದು, ಶಂಖ ಚಕ್ರ ಕೊರೆದ ಸಣ್ಣ ಹಿತ್ತಾಳೆಯ ಅಚ್ಚುಗಳನ್ನು ಅದರಲ್ಲಿ ಅದ್ದಿ ಮೈಮೇಲೆ ಒತ್ತಿಕೊಳ್ಳುತ್ತಾರೆ. ಆ ಅಚ್ಚಿಗೆ ಮುದ್ರೆ ಎನ್ನುತ್ತಾರೆ.

ಆಯಿಲ್ ಪೇಂಟಿನಲ್ಲಿ ಆ ಬಣ್ಣ ತರುವುದು ಹುಡುಗಾಟವಲ್ಲ. ಬಿಳಿಗೆ ಹಳದಿ, ಹಳದಿಗೆ ಕಂದು ಬೆರೆಸುತ್ತ ಹೋದೆ. ಅತ್ತೆಯವರು ಪಕ್ಕದಲ್ಲಿ ನಿಜವಾದ ಗೋಪಿಚಂದನ ತೇಯ್ದು ಹಿಡಿದುಕೊಂಡು, "ಇನ್ನಾ ಒಂದೀಟು ಹಳದಿ... ಸಾಕು... ಅಯ್ಯ, ಮತ್ತ ಬಿಳಿ ಹಾಕು" ಎಂದು ನಿಂತೇ ಇದ್ದರು. ಕೊನೆಗೆ ಎರಡೂ ವಾಟಿ, ಅಂದರೆ ಬಟ್ಟಲುಗಳನ್ನು, ಅಕ್ಕಪಕ್ಕ ಇಟ್ಟಾಗ ಯಾವುದು ಯಾವುದೆಂದು ನಮಗಿಬ್ಬರಿಗೂ ಗೊತ್ತಾಗದೆ, ಮೂಸಿ ನೋಡಬೇಕಾಯಿತು. ಲೋಗೋ ಬಳಿದು, ಒಣಗಿಸಿ, ನಮ್ಮ ಮನೆಯವರ ಕೈಯಲ್ಲಿ ಕಾರಿಗೆ ಅಂಟಿಸಿಯೂ ಆಯಿತು. ಎಲ್ಲಾದರೂ ತರಚಿದರೆ ಬೆಳಿಗ್ಗೆ ತೀಡಲು ಬರಲಿ ಎಂದು ಉಳಿದ ಬಣ್ಣದ ವಾಟಿಯ ಮೇಲೆ ತಾಟು ಮುಚ್ಚಿ ದೇವರ ಮನೆಯ ಮೂಲೆಯಲ್ಲೇ ಬಿಟ್ಟಿದ್ದೆ.

ಮಾಮಾ ಬರುವ ಹೊತ್ತಾಯಿತು. ಅತ್ತೆಯವರು ದೇವರ ಮನೆ ಒರೆಸಿ ಮಡಿ ಮಾಡಿಬಿಟ್ಟಿದ್ದರು. ಆಗ ನೆನಪಾಯಿತು, ವಾಟಿ ಒಳಗೇ ಇದೆ. ಮಡಿಯಾದ ಜಾಗಕ್ಕೆ ನಾನು ಕಾಲಿಡುವಂತಿಲ್ಲ. ಹಸಿ ಬಣ್ಣವನ್ನು ಮಡಿಯಲ್ಲಿದ್ದ ಅವರು ಮುಟ್ಟುವಂತಿಲ್ಲ. "ನೀ ತಗಿ" ಅಂದರು ಅವರು. "ನೀವೇ ತಗೀರಿ" ಎಂದೆ ನಾನು. ಅಷ್ಟರಲ್ಲಿ ಬಾಗಿಲಲ್ಲಿ ಮಾಮಾನ ಕೆಮ್ಮು ಕೇಳಿತು, ವಾಟಿ ಅಲ್ಲೇ ಉಳಿಯಿತು.

ಬೆಳಗಿನ ಜಾವ ಕರೆಂಟು ಹೋಗಿತ್ತು. ಮಾಮಾ ಎದ್ದು, ಸ್ನಾನ ಮಾಡಿ, ನಂದಾದೀಪದ ಬೆಳಕಿನಲ್ಲೇ ಕೂತಿದ್ದರು. ವಾಡಿಗೆ ಬಂದರೆ ಸಾಕು ಅವರ ಮೂಗು ಕಟ್ಟಿಬಿಡುತ್ತದೆ. ನಾವು ಎದ್ದು ಅಡಿಗೆಮನೆಗೆ ಬಂದಾಗ ಒಳಗಿನಿಂದ ಅವರ ದನಿ ಬಂತು.

"ತಂಗೀ, ನಿನ್ನ ಸೊಸಿ ಭಾಳ ಶಾಣ್ಯಾಕಿ ನೋಡು. ನಾ ಬರ್ತೀನಂತ ಗೋಪಿಚಂದನ ಮೊದಲೇ ತೇಯ್ದು, ಮ್ಯಾಲೆ ತಾಟು ಮುಚ್ಚಿ, ಮುದ್ರಿ ಬಾಜೂಕೇ ಇಟ್ಟಾಳ. ಎಷ್ಟು ಮನಿ ಅಡ್ಡಾಡೀನಿ, ಇಷ್ಟು ಕಾಳಜಿ ಎಲ್ಲೂ ನೋಡಿಲ್ಲ!"

ಅತ್ತೆಯವರ ಕೈಯಿಂದ ಸೌಟು ಜಾರಿತು.

"ಮತ್ತ ಎಂಥಾ ಮಾಲು ಅಂತಿ! ನೀರು ಹನಿಸಿದ್ರ ನೀರೇ ಕುಡಿಯಂಗಿಲ್ಲ. ಅಸಲಿ ದ್ವಾರಕೀದೇ ಇರಬೇಕು."

ಮಾಮಾ ಹೊರಗೆ ಬಂದರು. ಹಣೆಯಲ್ಲಿ ನಾಮ, ಕೆನ್ನೆಯಲ್ಲಿ, ತೋಳಿನಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ಶಂಖ ಚಕ್ರಗಳು ಅಚ್ಚುಕಟ್ಟಾಗಿ ಕೂತಿದ್ದವು. ಕೈಕೆಲಸದ ದೃಷ್ಟಿಯಿಂದ ಒಂದು ಮಾತೂ ಆಡುವ ಹಾಗಿರಲಿಲ್ಲ. ಬೆಳಗಿನ ಬೆಳಕು ಬಿದ್ದಲ್ಲೆಲ್ಲ ಮಿಣಮಿಣ ಹೊಳೆಯುತ್ತಿದ್ದವು.

ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಮ್ಮಿಬ್ಬರ ಸಭೆ ನಡೆಯಿತು.

"ಅತ್ಯಾರ, ಹೇಳಿಬಿಡೂಣರಿ. ಅದು ತೊಳದ್ರ ಹೋಗಂಗಿಲ್ಲ."

"ಈಗ ಹೇಳಿದ್ರ ಅಣ್ಣನೂ ಸಭಾಕ್ಕ ಹೋಗಂಗಿಲ್ಲ, ನಿನ್ನ ಡಬ್ಬೀನೂ ಮನ್ಯಾಗ ಉಳಿಯಂಗಿಲ್ಲ. ಸುಮ್ನಿರು. ಸಂಜೀತನಕ ದೇವರು ಏನರೇ ದಾರಿ ತೋರಸ್ತಾನ."

ಕಾರಿನ ಮುಂದೆ ಮಾಮಾ ನಿಂತು ಲೋಗೋ ನೋಡಿದರು. ಮುಖ ಅರಳಿತು. ಕೈಮುಗಿದು ಹತ್ತಿದರು. ನಮ್ಮ ಮನೆಯವರು ಒಮ್ಮೆ ಲೋಗೋ ನೋಡಿದರು, ಒಮ್ಮೆ ಮಾಮಾನ ಹಣೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಶಾಲೆಯಲ್ಲಿ ಅಂದು ನಾನು ಏನು ಕಲಿಸಿದೆನೋ ದೇವರಿಗೇ ಗೊತ್ತು. ಮಧ್ಯಾಹ್ನದ ಬಿಡುವಿನಲ್ಲಿ ತಡೆಯಲಾಗದೆ ಸಭೆಯ ಕಡೆಗೆ ಓಡಿದೆ. ನಮ್ಮ ಕಡೆಯ ಬೇಸಿಗೆ ಎಂದರೆ ಗೊತ್ತಲ್ಲ. ಶಾಮಿಯಾನದ ಕೆಳಗೆ ಕೂತವರೆಲ್ಲ ಬೆವರಿನಲ್ಲಿ ತೊಯ್ದುಹೋಗಿ, ಒಬ್ಬೊಬ್ಬರ ನಾಮವೂ ಕರಗಿ ಮೂಗಿನ ಮೇಲೆ, ಗಲ್ಲದ ಮೇಲೆ ಇಳಿದಿತ್ತು. ಆ ಎಲ್ಲರ ನಡುವೆ ನಮ್ಮ ಮಾಮಾ ಒಬ್ಬರೇ, ಈಗಷ್ಟೇ ಪೂಜೆ ಮುಗಿಸಿ ಎದ್ದವರ ಹಾಗೆ ಕೂತಿದ್ದರು. ಒಂದು ಗೆರೆ ಅಲುಗಿರಲಿಲ್ಲ. ಬೆವರು ಅದರ ಮೇಲಿಂದ ಹರಿದು ಕೆಳಗಿಳಿಯುತ್ತಿತ್ತು, ಅಷ್ಟೆ.

ನಾನು ನೋಡುತ್ತಿರುವಾಗಲೇ ಹಿರಿಯರೊಬ್ಬರು ಎದ್ದು ನಿಂತರು. "ಎಲ್ಲಾರೂ ಇವರನ್ನ ನೋಡ್ರಿ! ಮುಂಜಾನಿ ಹಚ್ಚಿದ ಮುದ್ರಿ, ಇಷ್ಟು ಬಿಸಿಲಾಗೂ ಹ್ಯಾಂಗ ಇದ್ದದ್ದು ಹಂಗೇ ಅದ. ಇದಕ್ಕ ನಿಷ್ಠಾ ಅಂತಾರ. ನಾವು ಹಚ್ಕೋತೀವಿ, ಇವರು ಧಾರಣ ಮಾಡ್ತಾರ!" ಎಂದು ಮಾಮಾನಿಗೆ ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ಮಾಮಾ ಸಂಕೋಚದಿಂದ ತಲೆ ತಗ್ಗಿಸಿದರು. ಹೊರಗೆ ನಿಂತ ಇಬ್ಬರು ನಮ್ಮ ಕಾರು ತೋರಿಸಿ, "ಗಾಡಿಗೂ ಅದೇ ಗೋಪಿಚಂದನ ನೋಡ್ರಿ, ಎಂಥಾ ಭಕ್ತಿ!" ಅಂದುಕೊಳ್ಳುತ್ತಿದ್ದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ಮೇಲೆ ಏರಿಸಿದ ಮೇಲೆ ನಿಜ ತಿಳಿದರೆ ಮಾಮಾನಿಗಾಗುವ ಅವಮಾನ ನೆನೆದು, ಯಾರ ಕಣ್ಣಿಗೂ ಬೀಳದಂತೆ ಶಾಲೆಗೆ ವಾಪಸ್ಸು ಓಡಿದೆ.

ಸಂಜೆ ಮನೆಗೆ ಬಂದ ಮಾಮಾ ಸ್ನಾನಕ್ಕೆ ಹೋದರು. ಒಳಗೆ ತಂಬಿಗೆ ಮೇಲೆ ತಂಬಿಗೆ ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ. ಅತ್ತೆಯವರು ಜಪಸರ ಹಿಡಿದಿದ್ದರು, ಆದರೆ ಮಣಿ ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ ಬಾಗಿಲು ತೆರೆಯಿತು. ತಿಕ್ಕಿ ತಿಕ್ಕಿ ಮೈ ಕೆಂಪಾಗಿತ್ತು. ಮುದ್ರೆಗಳು ಮಾತ್ರ ತೊಳೆದ ಹೊಸ ಪಾತ್ರೆಯಂತೆ ಇನ್ನಷ್ಟು ಹೊಳೆಯುತ್ತಿದ್ದವು.

ಮಾಮಾ ದೇವರ ಮನೆಗೆ ಹೋಗಿ ಬೆಳಿಗ್ಗೆ ಒತ್ತಿಕೊಂಡ ಹಿತ್ತಾಳೆಯ ಮುದ್ರೆಗಳನ್ನು ತಂದರು. ಮಣೆ ಹಾಕಿಕೊಂಡು ಕೂತರು. "ತಂಗೀ, ಸೊಸಿನ್ನ ಕರಿ."

ನಾನು ಎದುರಿಗೆ ಹೋಗಿ ನಿಂತೆ. ಮನಸ್ಸಿನಲ್ಲಿ ಆಗಲೇ ನನ್ನ ಬ್ರಶ್ಶು, ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೆ. ಸತ್ಯವಾಗಿ ಹೇಳುತ್ತೇನೆ, ಅಳು ಬಂದಿತ್ತು.

ಮಾಮಾ ಚಕ್ರದ ಮುದ್ರೆಯನ್ನು ಉಗುರಿನಿಂದ ಕೆರೆದರು. ಗಟ್ಟಿಯಾದ ಬಣ್ಣ ಚಕ್ಕೆಯಾಗಿ ಎದ್ದು ಬಂತು. ಅದನ್ನು ಅಂಗೈಯಲ್ಲಿಟ್ಟು ನೋಡಿದರು. "ಗಾಡಿ ಮ್ಯಾಲಿಂದು, ನನ್ನ ಮೈ ಮ್ಯಾಲಿಂದು, ಎರಡೂ ಒಂದೇ ವಾಟಿದೇನು?"

"ಹೌದ್ರಿ ಮಾಮಾ" ಎಂದೆ.

ಆಗ ಅತ್ತೆಯವರು ನಡುವೆ ಬಂದರು. ಡಬ್ಬಿ ಹೊರಗೆ ಹಾಕುತ್ತೇನೆ ಎಂದಿದ್ದ ಅದೇ ಅತ್ತೆಯವರು. "ಅಣ್ಣಾ, ತಪ್ಪು ನಂದು. ಬಣ್ಣ ನಾನೇ ನಿಂತು ಕಲಸಿಸೀನಿ. ದೇವರ ಮನ್ಯಾಗ ಇಡಂದಾಕಿನೂ ನಾನೇ. ಬೈಯೋದಿದ್ರ ನನಗ ಬೈ. ಆಕಿ ಡಬ್ಬಿಗೆ ಮಾತ್ರ ಏನೂ ಅನಬ್ಯಾಡ. ದಿನಾ ಸಾಲಿಯಿಂದ ಸೋತು ಬರ್ತಾಳ, ಅದನ್ನ ಮುಂದಿಟ್ಟುಕೊಂಡು ಕುಂತ್ರ ಮುಖ ಅರಳತದ."

ನನಗೆ ಈಗ ಮಾತ್ರ ಅಳು ತಡೆಯಲಿಲ್ಲ. ಮಾಮಾ ಒಮ್ಮೆ ತಂಗಿಯನ್ನು, ಒಮ್ಮೆ ನನ್ನನ್ನು, ಒಮ್ಮೆ ಗೂಟಕ್ಕೆ ತೂಗುಹಾಕಿದ್ದ ಹೊಸ ಶಾಲನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ಥಿನ್ನರ್ ಅದೇನು ಮನ್ಯಾಗ?"

ಆ ಪದ ಅವರ ಬಾಯಲ್ಲಿ ಕೇಳುತ್ತೇವೆಂದು ಯಾರೂ ಎಣಿಸಿರಲಿಲ್ಲ. ನಾನು ಓಡಿದೆ. ಬಣ್ಣ ಕರಗಿಸುವ ಥಿನ್ನರು, ಕೊಬ್ಬರಿ ಎಣ್ಣೆ, ಹತ್ತಿ ಎಲ್ಲ ತಂದೆ. ನಮ್ಮ ಮನೆಯವರು ಕುಕ್ಕರುಗಾಲಲ್ಲಿ ಕೂತು ಒರೆಸತೊಡಗಿದರು. "ಹೊಟ್ಟಿದು ಮೊದಲು ತಗಿ, ಮುಂಜಾನಿಂದ ತುರಸ್ಲಿಕತ್ತದ. ಸಭಾದಾಗ ಹ್ಯಾಂಗ ತುರಿಸಿಕೊಳ್ಳಲಿ?" ಎಂದರು ಮಾಮಾ. ಹೊಟ್ಟೆಯ ಚಕ್ರ ಹೋಯಿತು, ಎದೆಯ ಶಂಖ ಹೋಯಿತು. ಒಂದೊಂದು ಹೋದ ಹಾಗೂ ಮಾಮಾನ ಮುಖ ಸಡಿಲವಾಗುತ್ತ ಬಂತು, ನಮ್ಮ ಉಸಿರೂ ಒಂದಿಷ್ಟಿಷ್ಟೇ ಕೆಳಗಿಳಿಯಿತು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾಕ್ಕೆ ಇಟ್ಟರು. ಡಬ್ಬಿಗಳ ಬಗ್ಗೆ ಮಾಮಾ ಒಂದು ಮಾತೂ ಆಡಲಿಲ್ಲ. ನನ್ನ ಎದೆಯ ಮೇಲಿಂದ ಒಂದು ಫರ್ಸಿ ಕಲ್ಲೇ ಇಳಿದಿತ್ತು.

ನಮ್ಮ ಮನೆಯವರು ಹೊಸ ಹತ್ತಿಗೆ ಥಿನ್ನರು ಹಾಕಿಕೊಂಡು ಹಣೆಯ ಕಡೆಗೆ ಕೈ ಒಯ್ದರು. ಮಾಮಾ ಥಟ್ಟನೆ ಅವರ ಮಣಿಕಟ್ಟು ಹಿಡಿದರು.

"ಏ, ಹಣಿದು ಮುಟ್ಟಬ್ಯಾಡ. ನಾಳಿ ಸೇಡಂದಾಗ ಇನ್ನೊಂದು ಸಭಾ ಅದ."